ಪುಣೆಯಿಂದ ಊರಿಗೆ ಕಾರಿನಲ್ಲಿ ಹೋಗುವವರೇ, ಮರೆಯಲ್ಲಿ ನಿಂತ ಸ್ಪೀಡ್ ಗನ್ ಬಗ್ಗೆ ಎಚ್ಚರ

ಪುಣೆಯಲ್ಲಿದ್ದುಕೊಂಡು ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆ ಕಾರಿನಲ್ಲಿ ಓಡಾಡುವವರು ಇದನ್ನು ಓದಿ. ಗಾಡಿ ಕೆಎ ನಂಬರಿನದಾಗಿದ್ದು, ಆರ್‌ಸಿ ಊರಲ್ಲಿರುವ ಅಪ್ಪನ ಹೆಸರಿನಲ್ಲಿದ್ದರಂತೂ ತಪ್ಪದೇ ಓದಿ.

ಖೇಡ್ ಶಿವಾಪುರ ಟೋಲ್ ದಾಟಿ ಸಾತಾರಾ ಕಡೆ ಹೋಗುತ್ತಿದ್ದೆವು. ಮುಂದಿದ್ದ ಕಾರು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿತು. ನಾನೂ ತುಳಿದೆ. ಹಿಂದಿನ ಲಾರಿಯವನು ಹಾರ್ನ್ ಬಾರಿಸುತ್ತಾ ಪಕ್ಕದ ಲೇನಿಗೆ ಎಳೆದುಕೊಂಡ, ಇಲ್ಲದಿದ್ದರೆ ನಮ್ಮ ಡಿಕ್ಕಿ ಒಳಗೇ ಬರುತ್ತಿದ್ದ. ಏನಾಯಿತಪ್ಪ ಎಂದು ನೋಡಿದರೆ, ಬಸ್ ಸ್ಟಾಪಿನ ಶೆಡ್ ಮರೆಯಲ್ಲಿ ಪೊಲೀಸರ ವ್ಯಾನು, ಒಳಗಿಂದ ಇಣುಕುತ್ತಿದ್ದ, ಗಾಡಿಯ ವೇಗ ಅಳೆಯುವ ಸ್ಪೀಡ್ ಗನ್. ಯಾರೂ ಕೈ ತೋರಿಸಲಿಲ್ಲ, ನಿಲ್ಲಿಸಲಿಲ್ಲ. ಬಚಾವ್ ಎಂದುಕೊಂಡು ಮುಂದೆ ಹೋದೆವು.

ಎಷ್ಟೋ ದಿನದ ಮೇಲೆ ಬೇರೆ ಏನೋ ಕೆಲಸಕ್ಕೆ ಸರ್ಕಾರದ ಸಾರಿಗೆ ಸೈಟ್ ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಅಲ್ಲಿ 2000 ರೂಪಾಯಿ ಚಲನ್ ಕೂತಿತ್ತು. ಧಾರವಾಡಕ್ಕೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ. "ಹೌದಪಾ, ಎಂಥದೋ ಇಂಗ್ಲೀಷ್‌ನ್ಯಾಗ ಮೆಸೇಜ್ ಬಂದಿತ್ತು. ಫ್ರಾಡ್ ಇರಬೇಕಂತ ಅಳಿಸಿಬಿಟ್ಟೆ" ಅಂದರು.

ಅವರನ್ನು ಏನಂತ ಬೈಯೋದು? ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲ್ (ಒತ್ತಿದರೆ ಮೊಬೈಲಿನಲ್ಲಿ ಆ್ಯಪ್ ಹಾಕುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವವರು ಎಷ್ಟು ಜನ ಇದ್ದಾರೆ! ಅಂಥ ಫೈಲ್ ಮುಟ್ಟಲೇಬೇಡಿ. ಮೆಸೇಜಿನಲ್ಲಿರುವ ಲಿಂಕನ್ನೂ ಒತ್ತಬೇಡಿ. ಸರ್ಕಾರಿ ಇ-ಚಲನ್ ಸೈಟನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ ನೋಡಿ, ನಿಜವಾದ ಚಲನ್ ಇದ್ದರೆ ಅಲ್ಲೇ ಕಾಣುತ್ತದೆ. ಮೆಸೇಜ್ ಹೋಗುವುದು ಆರ್‌ಸಿಗೆ ಜೋಡಿಸಿದ ಮೊಬೈಲಿಗೆ. ಆ ನಂಬರ್ ಈಗ ಯಾರ ಕೈಯಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ.

ಇನ್ನು ಮುಖ್ಯ ವಿಷಯ. ಪೊಲೀಸರು ಹೀಗೆ ಅಡಗಿ ನಿಲ್ಲಬಹುದಾ? ನಮ್ಮ ಕನ್ನಡ ಬಳಗದಲ್ಲಿ ಇದನ್ನು ಹೇಳಿದಾಗ ಅರ್ಧ ಜನ "ಅದು ಕಾನೂನಿಗೆ ವಿರುದ್ಧ, ಕಟ್ಟಬೇಡ" ಎಂದು ಹುರಿದುಂಬಿಸಿದರು. ಅವರ ಮಾತು ಕೇಳಿ ಸುಮ್ನೆ ಕೂರಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಎಂಬ ನಿಯಮ ಸೇರಿದೆ. ಕ್ಯಾಮೆರಾ, ಸ್ಪೀಡ್ ಗನ್ ಎಲ್ಲ ಅದರಡಿ ಬರುತ್ತವೆ. ಪೊಲೀಸರು ಕಣ್ಣಿಗೆ ಕಾಣುವಂತೆಯೇ ನಿಲ್ಲಬೇಕು ಎಂದು ಅದರಲ್ಲಿಲ್ಲ. ಅದು ಕೇಳುವುದು ಬೇರೆ. ಈ ರಸ್ತೆಯ ಮೇಲೆ ನಿಗಾ ಇದೆ ಎನ್ನುವ ಬೋರ್ಡು ಆ ಜಾಗಕ್ಕೆ ಮೊದಲೇ ಎದ್ದು ಕಾಣುವಂತೆ ಇರಬೇಕು. ಯಂತ್ರಕ್ಕೆ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಘಟನೆ ನಡೆದ 15 ದಿನದೊಳಗೆ ಚಲನ್ ಕಳಿಸಬೇಕು. ಅದರ ಜೊತೆ ನಂಬರ್ ಪ್ಲೇಟ್ ಕಾಣುವ ಫೋಟೊ, ಯಂತ್ರ ಅಳೆದ ವೇಗ, ತಾರೀಖು, ಸಮಯ, ಜಾಗ ಇರಬೇಕು.

ನನ್ನ ತಕರಾರು ಬೋರ್ಡಿನದು. ಚಲನ್ ಪ್ರಕಾರ ಅಲ್ಲಿನ ಮಿತಿ 60, ನಮ್ಮ ವೇಗ 78. ವಾಪಸ್ ಬರುವಾಗ ಯು-ಟರ್ನ್ ಹೊಡೆದು ಅದೇ ಬದಿಗೆ ಹೋಗಿ ನೋಡಿದೆ. ನಿಗಾ ಬೋರ್ಡು ಎಲ್ಲೂ ಇಲ್ಲ. 60ರ ಬೋರ್ಡು ಇದೆ, ಆದರೆ ಯಾರೋ ಸಾಹೇಬರ ಹುಟ್ಟುಹಬ್ಬದ ಫ್ಲೆಕ್ಸ್ ಹಿಂದೆ! ಒಂದು ರಸ್ತೆಗೆ ಬೇರೆ ಮಿತಿ ಹಾಕಿದರೆ ಸೂಕ್ತ ಜಾಗದಲ್ಲಿ ಫಲಕ ನೆಡಬೇಕು ಎಂದು ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ನೇ ಹೇಳುತ್ತದೆ. ವ್ಯಾನು ಮರೆಯಲ್ಲಿದ್ದರೆ ಇರಲಿ, ಬೋರ್ಡೂ ಮರೆಯಲ್ಲಿದ್ದರೆ ಹೇಗೆ?

"ಗನ್ ಪಕ್ಕದಿಂದ ಹಿಡಿದಿದ್ದಾರೆ, ಅದಕ್ಕೇ ವೇಗ ಜಾಸ್ತಿ ತೋರಿಸಿದೆ" ಎಂದು ವಾದ ಮಾಡಲು ಮಾತ್ರ ಹೋಗಬೇಡಿ. ನಿಂತಲ್ಲಿಂದ ಓರೆಯಾಗಿ ಹಿಡಿದರೆ ಯಂತ್ರ ನಿಜವಾದ ವೇಗಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. ಅದು ನಮಗೇ ಲಾಭ. ಇನ್ನೊಂದು, ಲೇಸರ್ ಗನ್ ನೂರಾರು ಮೀಟರ್ ದೂರದಿಂದಲೇ ಗಾಡಿಯನ್ನು ಹಿಡಿಯುತ್ತದೆ. ವ್ಯಾನು ಕಣ್ಣಿಗೆ ಬೀಳುವ ಹೊತ್ತಿಗೆ ವೇಗ ದಾಖಲಾಗಿರುತ್ತದೆ. ಆಮೇಲೆ ಬ್ರೇಕ್ ತುಳಿದು ಉಳಿಯುವುದು ಏನೂ ಇಲ್ಲ, ಹಿಂದಿನವನು ಬಂದು ಗುದ್ದಬಹುದು ಅಷ್ಟೇ. ನಮಗೆ ಆಗಲಿದ್ದದ್ದು ಅದೇ.

ವೇಗ ಹಿಡಿಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಾತಾರಾ ಕಡೆಯಿಂದ ಬರುವಾಗ ಕಾತ್ರಜ್ ಸುರಂಗ ದಾಟಿ ನವಲೆ ಬ್ರಿಡ್ಜಿಗೆ ಇಳಿಯುವ ಇಳಿಜಾರು ಗೊತ್ತಲ್ಲ? 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಟ್ರಕ್ಕಿನಿಂದ ಶುರುವಾಗಿ ಸುಮಾರು 48 ಗಾಡಿಗಳು ಜಖಂ ಆದವು. ಅಂಥ ಕಡೆ ಪೊಲೀಸರು ಹಗಲು ರಾತ್ರಿ ನಿಲ್ಲಲಿ, ದೀಪ ಹಾಕಿಕೊಂಡು ಎದ್ದು ಕಾಣುವಂತೆ ನಿಲ್ಲಲಿ. ವ್ಯಾನ್ ನೋಡಿದರೇ ಜನ ನಿಧಾನ ಮಾಡುತ್ತಾರೆ. ಮರೆಯಲ್ಲಿ ನಿಂತರೆ ದಂಡ ಬರುತ್ತದೆ, ಅವತ್ತು ಅಲ್ಲಿ ಯಾರೂ ನಿಧಾನ ಆಗುವುದಿಲ್ಲ.

ನಿಮಗೂ ಹೀಗೆ ಬಂದರೆ ಮೊದಲೇ ದುಡ್ಡು ಕಟ್ಟಿಬಿಡಬೇಡಿ. ಕಟ್ಟಿದರೆ ಒಪ್ಪಿಕೊಂಡಂತೆ ಆಗುತ್ತದೆ. ಚಲನ್‌ನಲ್ಲಿರುವ ಫೋಟೊ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ತಾರೀಖು ನೋಡಿ. ಡ್ಯಾಶ್ ಕ್ಯಾಮ್ ಇದ್ದರೆ ಆ ದಿನದ ವಿಡಿಯೊ ಅಳಿಸಿ ಹೋಗುವ ಮೊದಲು ತೆಗೆದಿಡಿ. ಆಮೇಲೆ ಆನ್‌ಲೈನ್‌ನಲ್ಲಿ ತಕರಾರು ಹಾಕಿ. ಹಾಗಂತ ಮರೆತು ಬಿಡಬೇಡಿ, ಕಟ್ಟದ ಚಲನ್ ಕೋರ್ಟಿಗೆ ಹೋಗಬಹುದು.

ನಾನು ಫ್ಲೆಕ್ಸ್ ಸಮೇತ ಬೋರ್ಡಿನ ಫೋಟೊ ಹಾಕಿ ದೂರು ಕೊಟ್ಟಿದ್ದೇನೆ. ಇನ್ನೂ ಉತ್ತರ ಇಲ್ಲ. ಆ ಕಡೆ ಹೋಗಿ ಬಂದವರ ಡ್ಯಾಶ್ ಕ್ಯಾಮ್‌ನಲ್ಲಿ ಟೋಲ್ ದಾಟಿದ ಮೇಲಿನ ರಸ್ತೆ ದಾಖಲಾಗಿದ್ದರೆ ದಯವಿಟ್ಟು ಕಳಿಸಿ, ದೂರಿಗೆ ಸೇರಿಸುತ್ತೇನೆ.