ಶ್ರೀಲಂಕೆಯ ಎಂಟು ದಿನ, ಮಾಲ್ಡೀವ್ಸ್‌ನ ಆರು ದಿನ

2023ರ ಫೆಬ್ರವರಿಯಲ್ಲಿ ಒಂದೇ ರಜೆಯಲ್ಲಿ ನೆರೆಯ ಎರಡು ದ್ವೀಪರಾಷ್ಟ್ರಗಳನ್ನು ನೋಡಿ ಬರೋಣವೆಂದು ಹೊರಟಾಗ, ಶ್ರೀಲಂಕೆ ಇತಿಹಾಸಕ್ಕೆ, ಮಾಲ್ಡೀವ್ಸ್ ವಿಶ್ರಾಂತಿಗೆ ಎಂದು ಮನಸ್ಸಿನಲ್ಲೇ ಪಾಲು ಹಂಚಿಕೊಂಡಿದ್ದೆ. ಹಿಂದಿರುಗುವ ಹೊತ್ತಿಗೆ ಆ ಹಂಚಿಕೆ ಅರ್ಧ ಮಾತ್ರ ಸರಿಯೆಂದು ತಿಳಿಯಿತು. ಇರುವ ಒಂದು ವಾರದಲ್ಲಿ ಎರಡರಲ್ಲಿ ಯಾವುದಕ್ಕೆ ಹೋಗಬೇಕೆಂದು ಆಗಾಗ ಕೇಳುವ ಗೆಳೆಯರಿಗೆ ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೊಲಂಬೊದಿಂದ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ, ದೂರ ಸುಮಾರು 770 ಕಿ.ಮೀ. ಇಷ್ಟು ಹತ್ತಿರವಿದ್ದರೂ ಭೂಮಿಯ ಲೆಕ್ಕದಲ್ಲಿ ಇವೆರಡೂ ಎರಡು ತುದಿಗಳು. ಶ್ರೀಲಂಕೆಯದು 65,610 ಚದರ ಕಿ.ಮೀ. ವಿಸ್ತಾರದ ಒಂದೇ ಗಟ್ಟಿ ನೆಲ. ಅದರಲ್ಲಿ 2,524 ಮೀಟರ್ ಎತ್ತರದ ಪಿದುರುತಲಾಗಲ ಶಿಖರವಿದೆ, 335 ಕಿ.ಮೀ. ಹರಿಯುವ ಮಹಾವೇಲಿ ನದಿಯಿದೆ, ಒಣಬಯಲು ಮತ್ತು ಮಳೆಕಾಡು ಎರಡೂ ಇವೆ. ಮಾಲ್ಡೀವ್ಸ್‌ನಲ್ಲಿ 1,192 ದ್ವೀಪಗಳಿದ್ದರೂ ಅವನ್ನೆಲ್ಲ ಒಟ್ಟುಗೂಡಿಸಿದರೆ ಸಿಗುವುದು ಸುಮಾರು 300 ಚದರ ಕಿ.ಮೀ. ನೆಲವಷ್ಟೇ, ಮತ್ತು ಅದರ ಅತಿ ಎತ್ತರದ ನೈಸರ್ಗಿಕ ಜಾಗವೂ ಸಮುದ್ರಮಟ್ಟದಿಂದ ಎರಡೂವರೆ ಮೀಟರ್ ಮುಟ್ಟುವುದಿಲ್ಲ. ಮುಳುಗಿದ ಜ್ವಾಲಾಮುಖಿ ಬೆಟ್ಟಸಾಲಿನ ಮೇಲೆ ಹವಳ ಬೆಳೆದು ಉಂಗುರಗಳಂತೆ ನಿಂತ ಈ ದ್ವೀಪಮಾಲೆಗಳಿಗೆ ಜಗತ್ತಿನ ಭೂಗೋಳಶಾಸ್ತ್ರವೆಲ್ಲ ಬಳಸುವ 'ಅಟಾಲ್' ಎಂಬ ಹೆಸರು ಅಲ್ಲಿನ ದಿವೇಹಿ ಭಾಷೆಯ 'ಅತೊಳು'ವಿನಿಂದಲೇ ಬಂದದ್ದು.

ಈ ವ್ಯತ್ಯಾಸ ಪ್ರವಾಸಿಯ ಅನುಭವಕ್ಕೆ ಮೊದಲು ಬರುವುದು ಓಡಾಟದಲ್ಲಿ. ಶ್ರೀಲಂಕೆಯಲ್ಲಿ ರೈಲು ಮತ್ತು ಬಸ್ಸುಗಳಿಂದಲೇ ಎಂಟೂ ದಿನ ಕಳೆದೆ. ಕ್ಯಾಂಡಿಯಿಂದ ಹಟ್ಟನ್‌ವರೆಗೆ ಕಾಯ್ದಿರಿಸಿದ ಸೀಟು ಸಿಗದೆ ಎರಡನೆಯ ದರ್ಜೆಯ ಬಾಗಿಲ ಬಳಿ ನಿಂತೇ ಹೋದೆನಾದರೂ, ಚಹಾ ತೋಟಗಳ ನಡುವೆ ರೈಲು ತೆವಳುವಾಗ ಕುಳಿತವರಿಗಿಂತ ನಿಂತವರಿಗೇ ನೋಟ ಚೆನ್ನಾಗಿ ದಕ್ಕುತ್ತದೆಯೆಂದು ಸಮಾಧಾನ ಮಾಡಿಕೊಂಡೆ. ಮಾಲ್ಡೀವ್ಸ್‌ನಲ್ಲಿ ಮಾತ್ರ ಮೊದಲ ದಿನವೇ ಪೆಟ್ಟು ಬಿತ್ತು. ನಾನು ಇಳಿದದ್ದು ಶುಕ್ರವಾರ. ಆ ದಿನ ಅಗ್ಗದ ಸಾರ್ವಜನಿಕ ದೋಣಿಗಳು ಓಡುವುದಿಲ್ಲವೆಂಬುದನ್ನು ಕೋಣೆ ಕಾಯ್ದಿರಿಸಿಕೊಂಡ ಅತಿಥಿಗೃಹದವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾಫುಶಿ ದ್ವೀಪಕ್ಕೆ ಸ್ಪೀಡ್‌ಬೋಟಿನಲ್ಲಿ ಹೋಗಲು ಡಾಲರುಗಳಲ್ಲಿ ತೆತ್ತ ಹಣದಲ್ಲಿ ಶ್ರೀಲಂಕೆಯ ಎಲ್ಲ ರೈಲು-ಬಸ್ಸುಗಳ ಟಿಕೆಟ್ಟೂ ಮುಗಿದು ಇನ್ನಷ್ಟು ಉಳಿಯುತ್ತಿತ್ತು.

ಇತಿಹಾಸಕ್ಕೆ ಬರುವುದಾದರೆ, 1153 ಎಂಬ ಒಂದೇ ಇಸವಿಯನ್ನು ಹಿಡಿದುಕೊಂಡು ಎರಡೂ ದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಆ ವರ್ಷ ಶ್ರೀಲಂಕೆಯ ಪೊಲನ್ನರುವದಲ್ಲಿ ಮೊದಲನೆಯ ಪರಾಕ್ರಮಬಾಹು ಪಟ್ಟಕ್ಕೆ ಬಂದ. ಅದೇ ವರ್ಷ ಮಾಲ್ಡೀವ್ಸ್‌ನ ಬೌದ್ಧ ದೊರೆ ಇಸ್ಲಾಮನ್ನು ಸ್ವೀಕರಿಸಿದನೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಒಂದು ಕಡೆ ಬೌದ್ಧ ರಾಜ್ಯ ತನ್ನ ಉತ್ತುಂಗಕ್ಕೇರಿತು, ಇನ್ನೊಂದು ಕಡೆ ಬೌದ್ಧ ಕಾಲವೇ ಮುಗಿಯಿತು.

ಪರಾಕ್ರಮಬಾಹು ಕಟ್ಟಿಸಿದ ಕೆರೆಗೆ ಪರಾಕ್ರಮ ಸಮುದ್ರವೆಂದು ಹೆಸರು, ಮತ್ತು ಅದರ ಏರಿಯ ಮೇಲೆ ನಿಂತಾಗ ಆ ಹೆಸರು ಉತ್ಪ್ರೇಕ್ಷೆಯೆನಿಸಲಿಲ್ಲ. ಮಳೆಯ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಕಡಲು ಸೇರಬಾರದೆಂಬುದು ಅವನ ನಿಲುವಾಗಿತ್ತಂತೆ. ಕೆರೆಕಟ್ಟೆಗಳ ನಾಡಿನಿಂದ ಹೋದ ನಮಗೆ ಅಲ್ಲಿನ ತೂಬು, ಕಾಲುವೆ, ಏರಿಯಂಚಿನ ಗದ್ದೆಗಳು ಯಾವುವೂ ಹೊಸತಲ್ಲ, ಅವುಗಳ ಗಾತ್ರವೊಂದೇ ಹೊಸತು. ಸಿಗಿರಿಯದ ಬಗ್ಗೆ ಎಲ್ಲರೂ ಬರೆಯುವುದರಿಂದ ಚುಟುಕಾಗಿ ಮುಗಿಸುತ್ತೇನೆ: ತಂದೆಯನ್ನು ಕೊಂದು ಪಟ್ಟಕ್ಕೇರಿದ ಕಶ್ಯಪನು ಐದನೆಯ ಶತಮಾನದಲ್ಲಿ ಸುತ್ತಲ ಬಯಲಿನಿಂದ ಸುಮಾರು 180 ಮೀಟರ್ ಮೇಲೆದ್ದ ಬಂಡೆಯ ನೆತ್ತಿಯಲ್ಲಿ ಅರಮನೆ ಕಟ್ಟಿಕೊಂಡ, ನನಗೆ ಅರಮನೆಗಿಂತ ಹಿಡಿಸಿದ್ದು ಕನ್ನಡಿಯಂತೆ ನುಣುಪಾಗಿಸಿದ ಗೋಡೆಯ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಂದುಹೋದವರು ಬಂಡೆಯ ಮೇಲೆ ಬರೆದ ಚಿತ್ರಗಳ ಹೆಂಗಸರನ್ನು ಕಂಡು ಗೀಚಿಹೋದ ಸಿಂಹಳ ಪದ್ಯಗಳು. ಟಿಕೆಟ್ ದುಬಾರಿಯಾದರೂ ನಾನು ಹೋದಾಗ ಸಾರ್ಕ್ ದೇಶದವರಿಗೆ ಅರ್ಧ ಬೆಲೆಯಿತ್ತು, ಪಾಸ್‌ಪೋರ್ಟ್ ಜೊತೆಯಲ್ಲಿರಲಿ.

ಈ ಬಗೆಯ ದೊಡ್ಡ ಕಲ್ಲುಕಟ್ಟಡವನ್ನು ಮಾಲ್ಡೀವ್ಸ್‌ನಲ್ಲಿ ಹುಡುಕಬಾರದು, ಏಕೆಂದರೆ ಅಲ್ಲಿ ಕಲ್ಲೇ ಇಲ್ಲ. ಇರುವುದು ಹವಳ. ಮಾಲೆಯ ಹುಕುರು ಮಿಸ್ಕಿ, ಅಂದರೆ ಹಳೆಯ ಶುಕ್ರವಾರದ ಮಸೀದಿ, 1658ರಲ್ಲಿ ಕಟ್ಟಿದ್ದು. ಸಮುದ್ರದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಣಗಿದಂತೆ ಗಟ್ಟಿಯಾಗುವ ಹವಳದ ಚಪ್ಪಡಿಗಳನ್ನು ಬಡಗಿಯವರು ಮರವನ್ನು ಕೂಡಿಸುವಂತೆ ಒಂದಕ್ಕೊಂದು ಸಿಕ್ಕಿಸಿ ಗೋಡೆ ಎಬ್ಬಿಸಿದ್ದಾರೆ. ಅನ್ಯಮತದವರಿಗೆ ಒಳಹೋಗಲು ಅನುಮತಿ ಬೇಕು. ನಾನು ಹೊರಗಿನಿಂದಲೇ ನೋಡಿದೆ, ಆದರೆ ನೋಡಲು ಹೊರಗೇ ಸಾಕಷ್ಟಿದೆ. ಅಂಗಳದ ಸ್ಮಶಾನದಲ್ಲಿ ಗಂಡಸರ ಗೋರಿಗಲ್ಲುಗಳ ತಲೆ ಚೂಪು, ಹೆಂಗಸರದ್ದು ದುಂಡು. ಬೆರಳುದ್ದದ ಬಳ್ಳಿಯ ಕೆತ್ತನೆಯೊಂದನ್ನು ಬಗ್ಗಿ ನೋಡಿದರೆ ಎಲೆಯ ನರಗಳ ನಡುವೆ ಹವಳದ ಹುಳುಗಳು ಬಿಟ್ಟುಹೋದ ಸಣ್ಣ ನಕ್ಷತ್ರಾಕಾರದ ತೂತುಗಳು ಇನ್ನೂ ಕಾಣುತ್ತಿದ್ದವು. ಹಳೆಯ ಬೌದ್ಧ ಗುಡಿಯ ತಳಪಾಯದ ಮೇಲೆಯೇ ಮಸೀದಿ ಎದ್ದದ್ದರಿಂದ ಕಟ್ಟಡದ ಮುಖ ಒಂದು ದಿಕ್ಕಿಗೂ ಪ್ರಾರ್ಥನೆಯ ಸಾಲುಗಳು ಇನ್ನೊಂದು ದಿಕ್ಕಿಗೂ ಇವೆಯೆಂದು ಹೇಳುತ್ತಾರೆ. ಹತ್ತಿರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದ ಬೌದ್ಧ ವಿಗ್ರಹಗಳನ್ನು 2012ರ ಫೆಬ್ರವರಿಯಲ್ಲಿ ಗುಂಪೊಂದು ನುಗ್ಗಿ ಒಡೆದುಹಾಕಿತು. ಹೀಗಾಗಿ ಆ ಪೂರ್ವಕಾಲವನ್ನು ಈಗ ತಳಪಾಯಗಳಲ್ಲಿ, ಲೋಮಾಫಾನು ಎಂಬ ತಾಮ್ರಶಾಸನಗಳಲ್ಲಿ ಮತ್ತು ಕಥೆಗಳಲ್ಲಿ ಹುಡುಕಿಕೊಳ್ಳಬೇಕು. ಕಥೆ ಎಂದರೆ, ತಿಂಗಳಿಗೊಮ್ಮೆ ಕಡಲಿನಿಂದ ಬಂದು ಕನ್ಯೆಯೊಬ್ಬಳನ್ನು ಬಲಿ ಕೇಳುತ್ತಿದ್ದ ರನ್ನಮಾರಿಯನ್ನು ಪರದೇಶಿ ಯಾತ್ರಿಕನೊಬ್ಬ ರಾತ್ರಿಯಿಡೀ ಕುರಾನ್ ಓದಿ ಓಡಿಸಿದ, ಅದನ್ನು ಕಂಡು ದೊರೆ ಮತ ಬದಲಿಸಿದ ಎಂಬುದು. ಬಕಾಸುರನ ಕಥೆ ಕೇಳಿ ಬೆಳೆದವರಿಗೆ ಇದರ ಮೊದಲರ್ಧ ಪರಿಚಿತವೇ.

ಈ ಕಥೆಯನ್ನು ಬರೆದಿಟ್ಟವರಲ್ಲಿ ಇಬ್ನ್ ಬತೂತ ಒಬ್ಬ. ನಮ್ಮ ಹೊನ್ನಾವರ ಮತ್ತು ಮಂಗಳೂರುಗಳನ್ನು ಹಾದುಹೋದ ಈ ಮೊರಾಕ್ಕೊ ದೇಶದ ಯಾತ್ರಿಕ 1343ರಲ್ಲಿ ಮಾಲ್ಡೀವ್ಸ್ ತಲುಪಿ, ಅಲ್ಲಿ ಖಾಜಿಯಾಗಿ, ಮದುವೆಗಳನ್ನೂ ಮಾಡಿಕೊಂಡು, ಕೊನೆಗೆ ಮನಸ್ತಾಪವಾಗಿ ಹೊರಟು ಶ್ರೀಲಂಕೆಯ ಶ್ರೀಪಾದ ಬೆಟ್ಟವನ್ನು ಹತ್ತಿದ. ನಾನು ಅವನ ದಾರಿಯನ್ನು ತಲೆಕೆಳಗಾಗಿ ಹಿಡಿದೆ. ನಲ್ಲತಣ್ಣಿಯಿಂದ ರಾತ್ರಿ ಎರಡು ಗಂಟೆಗೆ ಹೊರಟು, ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲೇರಿ, 2,243 ಮೀಟರಿನ ತುದಿ ತಲುಪಿದಾಗ ಮೊಣಕಾಲುಗಳಲ್ಲಿ ಜೀವವಿರಲಿಲ್ಲ. ಅಲ್ಲಿರುವ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ಎಷ್ಟು ಬಾರಿ ಹತ್ತಿದ್ದಾರೋ ಅಷ್ಟು ಸಲ ಗಂಟೆ ಬಾರಿಸುವುದು ಅಲ್ಲಿನ ಪದ್ಧತಿ. ನಾನು ಒಂದು ಸಲ ಬಾರಿಸಿ ಸರಿದ ಮೇಲೆ, ನನ್ನ ಹಿಂದೆ ಬರಿಗಾಲಲ್ಲಿ ಬಂದ ಅಜ್ಜಿಯೊಬ್ಬರು ಬಾರಿಸುತ್ತಲೇ ಇದ್ದರು.

ಭಾಷೆಯ ವಿಷಯದಲ್ಲಿ ಎರಡು ದೇಶಗಳು ಮೇಲ್ನೋಟಕ್ಕೆ ಎಷ್ಟು ದೂರವೋ ಒಳಗೆ ಅಷ್ಟೇ ಹತ್ತಿರ. ಸಿಂಹಳದ ದುಂಡು ಅಕ್ಷರಗಳನ್ನು ಕಂಡರೆ ಕನ್ನಡಿಗರಿಗೆ ಇನ್ನೇನು ಓದಿಬಿಟ್ಟೆನೆನ್ನಿಸುತ್ತದೆ, ಓದಲಾಗುವುದಿಲ್ಲ. ದಿವೇಹಿಯ ಥಾನ ಲಿಪಿಯು ಬಲದಿಂದ ಎಡಕ್ಕೆ ಹೋಗುತ್ತದೆ, ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದ ಹುಟ್ಟಿದವು. ಆದರೆ ಎಣಿಸಲು ಹೇಳಿ ನೋಡಿ. ಕ್ಯಾಂಡಿಯ ಹಣ್ಣಿನಂಗಡಿಯಲ್ಲಿ ಕಲಿತ ಎಕ, ದೆಕ, ತುನ, ಹತರ, ಪಹ ಎಂಬುದು ಮಾಫುಶಿಯಲ್ಲಿ ಎಕೆ, ದೇ, ತಿನೆ, ಹತರೆ, ಫಹೆ ಎಂದು ಕೇಳಿಸಿತು. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾದ ಹಾಗೆ, ಸಿಂಹಳದಲ್ಲಿ ಉಳಿದ ಪಕಾರ ದಿವೇಹಿಯಲ್ಲಿ ಫಕಾರವಾಗಿದೆ. ಇನ್ನೊಂದು ಪದ ಅಲ್ಲಿ ನನ್ನನ್ನು ಬೆರಗುಗೊಳಿಸಿತು: ಮನೆಗಳ ಮುಂದೆ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಕಟ್ಟಿ ಮಾಡಿದ, ಕುಳಿತರೆ ಮೈಯನ್ನು ಹಿಡಿದುಕೊಳ್ಳುವ ಆಸನಕ್ಕೆ ಅವರ ಹೆಸರು 'ಜೋಲಿ'. ಮಗುವನ್ನು ಮಲಗಿಸುವ ನಮ್ಮ ಜೋಲಿಗೂ ಇದಕ್ಕೂ ನಂಟೇನೆಂದು ಹೇಳುವಷ್ಟು ಭಾಷಾಶಾಸ್ತ್ರ ನನಗೆ ಗೊತ್ತಿಲ್ಲ. ಮೂರು ಸಂಜೆಗಳನ್ನು ಅದರಲ್ಲಿ ತೂಗಿಕೊಂಡು ಕಳೆದೆ ಎಂದಷ್ಟೇ ಹೇಳಬಲ್ಲೆ. ಇದೇ ಭಾಷೆಯನ್ನು ಭಾರತದೊಳಗೆ ಲಕ್ಷದ್ವೀಪದ ಮಿನಿಕಾಯ್ ಜನ ಆಡುತ್ತಾರೆ. ಲಕ್ಷದ್ವೀಪದ ಉತ್ತರದ ಅಮಿನಿದಿವಿ ಗುಂಪು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿತ್ತು, ಮಂಗಳೂರಿನ ನನ್ನಂಥವರಿಗೂ ಇದು ಮರೆತೇಹೋಗಿದೆ.

ಪರಕೀಯರ ಆಳ್ವಿಕೆಯ ಗುರುತು ಶ್ರೀಲಂಕೆಯ ಮೇಲೆ ಆಳವಾಗಿದೆ. 1505ರಲ್ಲಿ ಪೋರ್ಚುಗೀಸರು, ನಂತರ ಡಚ್ಚರು, 1796ರಿಂದ ಬ್ರಿಟಿಷರು ಬಂದರು. ಕ್ಯಾಂಡಿ ರಾಜ್ಯ ಮಾತ್ರ 1815ರವರೆಗೆ ತಡೆದು ನಿಂತಿತು. 1867ರಲ್ಲಿ ಜೇಮ್ಸ್ ಟೇಲರ್ ಲೂಲ್‌ಕಂಡುರದಲ್ಲಿ ಚಹಾ ಬೆಳೆ ಆರಂಭಿಸಿದ ಬೆನ್ನಿಗೇ ಕಾಫಿ ತೋಟಗಳು ಎಲೆರೋಗಕ್ಕೆ ತುತ್ತಾಗಿ, ಬೆಟ್ಟಗಳೆಲ್ಲ ಚಹಾಕ್ಕೆ ತಿರುಗಿದವು. ಈ ತೋಟಗಳ ಕೆಲಸಕ್ಕೆಂದು ತಮಿಳುನಾಡಿನಿಂದ ಕರೆತಂದವರ ಮಕ್ಕಳು-ಮೊಮ್ಮಕ್ಕಳನ್ನು, ದೇಶ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯಿದೆ ನಾಡಿಲ್ಲದವರನ್ನಾಗಿ ಮಾಡಿತು. ಬೆಂಗಳೂರಿನಲ್ಲಿ ಕಲಿತ ನನ್ನ ಹರಕು ತಮಿಳಿನಲ್ಲಿ ಹಟ್ಟನ್ ಬಸ್‌ನಿಲ್ದಾಣದ ಚಹಾದಂಗಡಿಯವರ ಜೊತೆ ಮಾತಾಡಿದಾಗ, 1983ರಿಂದ 2009ರವರೆಗಿನ ಯುದ್ಧಕ್ಕಿಂತ ಹೆಚ್ಚಾಗಿ ಅವರು ಹೇಳಿದ್ದು ಅಜ್ಜನ ಕಾಗದಪತ್ರಗಳ ಅಲೆದಾಟವನ್ನು. ಮಾಲ್ಡೀವ್ಸ್ ಪೋರ್ಚುಗೀಸರ ಕೈಯಲ್ಲಿದ್ದುದು 1558ರಿಂದ 1573ರವರೆಗೆ ಹದಿನೈದು ವರ್ಷವಷ್ಟೇ. 1887ರಿಂದ 1965ರವರೆಗೆ ಬ್ರಿಟಿಷರ ರಕ್ಷಣೆಯಲ್ಲಿದ್ದರೂ ಒಳಾಡಳಿತ ಸುಲ್ತಾನರದ್ದೇ. ಹಾಗಾಗಿ ಅಲ್ಲಿ ಕೋಟೆಯೂ ಇಲ್ಲ, ರೈಲೂ ಇಲ್ಲ, ತೋಟವೂ ಇಲ್ಲ.

ಕಟ್ಟಳೆಗಳು ಎರಡೂ ಕಡೆ ಇವೆ. ಶ್ರೀಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ಪೋಯ ರಜೆ, ಅಂದು ಮದ್ಯ ಮಾರುವಂತಿಲ್ಲ. ಮಾಲ್ಡೀವ್ಸ್‌ನಲ್ಲಿ ರೆಸಾರ್ಟ್ ದ್ವೀಪಗಳು, ಪ್ರವಾಸಿ ಹಡಗುಗಳಂಥವನ್ನು ಬಿಟ್ಟರೆ ಎಂದೂ ಮದ್ಯವಿಲ್ಲ, ಈಜುಡುಗೆಗೆ ಬೇರೆಯದೇ ಕಡಲತೀರ ಗುರುತಿಸಿರುತ್ತಾರೆ, ಪೂಜೆಯ ವಿಗ್ರಹಗಳನ್ನು ದೇಶದೊಳಗೆ ತರುವಂತಿಲ್ಲ. ಪ್ರಯಾಣದಲ್ಲೂ ಪುಟ್ಟ ಗಣಪತಿಯನ್ನು ಚೀಲದಲ್ಲಿಟ್ಟುಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ಅಲ್ಲಿನ ಮೊದಲ ರೆಸಾರ್ಟ್ 1972ರಲ್ಲಿ ತೆರೆಯಿತು, ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ದಾರಿಯಾದದ್ದು 2009ರ ನಂತರ. ಇಲ್ಲದಿದ್ದರೆ ನನ್ನಂಥ ಸಂಬಳದಾರ ಆ ದೇಶದ ಮನೆಯಂಗಳ ನೋಡುವ ಮಾತೇ ಇರಲಿಲ್ಲ.

ನೀರು ಎರಡು ದೇಶಗಳನ್ನು ಬೇರ್ಪಡಿಸುವ ಇನ್ನೊಂದು ಸಂಗತಿ. ಮಾಲೆಯಲ್ಲಿ ನಲ್ಲಿಗೆ ಬರುವುದು ಉಪ್ಪು ತೆಗೆದ ಸಮುದ್ರದ ನೀರು. 2014ರ ಡಿಸೆಂಬರಿನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ಭಾರತದಿಂದ ವಿಮಾನ ಮತ್ತು ಹಡಗುಗಳಲ್ಲಿ ಕುಡಿಯುವ ನೀರು ಹೋಯಿತು. ಪೊಲನ್ನರುವದ ಕೆರೆ ನೋಡಿದ ಆರೇ ದಿನಕ್ಕೆ, ಬಚ್ಚಲಿನಲ್ಲಿ ನೀರು ಮಿತವಾಗಿ ಬಳಸಿ ಎಂಬ ಚೀಟಿಯನ್ನು ಓದುತ್ತಾ ನಿಂತಿದ್ದೆ.

ಊಟದಲ್ಲಿ ಶ್ರೀಲಂಕೆ ಸುಲಭವಾಗಿ ಗೆಲ್ಲುತ್ತದೆ. ಸಸ್ಯಾಹಾರಿಗಳಿಗೆ ಬೇಳೆ, ಬದನೆ, ಹಲಸಿನ ಪಲ್ಯಗಳು ಎಲ್ಲೆಡೆ ಸಿಗುತ್ತವೆ. ಅಲ್ಲಿನ ಅಪ್ಪ ಎಂಬ ಅಕ್ಕಿಹಿಟ್ಟಿನ ದೋಸೆ ನಮ್ಮ ಕರಾವಳಿಯ ಆಪ್ಪದ ಸೋದರ. ಎಚ್ಚರಿಕೆ ಒಂದೇ, ಅಪ್ಪದ ಜೊತೆ ಕೊಡುವ ಪೊಲ್ ಸಂಬೋಲ ಎಂಬ ಕೆಂಪು ಕಾಯಿಚಟ್ನಿಯಲ್ಲಿ ಬಹುತೇಕ ಉಂಬಲಕಡ ಎಂಬ ಒಣಮೀನಿನ ಪುಡಿ ಇರುತ್ತದೆ. ಮಾಲ್ಡೀವ್ಸ್‌ನಲ್ಲಿ ಮೀನು ತಿನ್ನದವರ ಪಾಡು ಕಷ್ಟ, ಏಕೆಂದರೆ ಅಲ್ಲಿ ಸ್ಥಳೀಯವಾಗಿ ಹೇರಳವಾಗಿರುವುದು ಸೂರೆಮೀನು (ಟ್ಯೂನ) ಮತ್ತು ತೆಂಗು, ಮಿಕ್ಕ ಬಹುಪಾಲು ಹಡಗಿನಲ್ಲಿ ಬರುವಂಥದ್ದು. ಬೆಳಗಿನ ತಿಂಡಿ ಮಸ್‌ಹುನಿ: ಸೂರೆಮೀನಿನ ಚೂರು, ತುರಿದ ಕಾಯಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಎಲ್ಲವನ್ನೂ ಕೈಯಲ್ಲಿ ಹಿಚುಕಿ, ರೋಶಿ ಎಂಬ ತೆಳು ರೊಟ್ಟಿಯ ಜೊತೆ ಕೊಡುತ್ತಾರೆ. ಎರಡನೆಯ ತುತ್ತಿಗೆ ಹೊಳೆಯಿತು, ಇದು ಪೊಲ್ ಸಂಬೋಲವೇ, ಪ್ರಮಾಣ ಮಾತ್ರ ಅದಲುಬದಲಾಗಿದೆ. ಉಂಬಲಕಡವೂ ಹಿಂದಿನಿಂದ ಮಾಲ್ಡೀವ್ಸ್‌ನಿಂದಲೇ ಶ್ರೀಲಂಕೆಗೆ ಹೋಗುವ ಸರಕು. ಅಲ್ಲಿ ಅದರ ಹೆಸರು ಹಿಕಿಮಸ್, ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿನಲ್ಲಿ ಮರದ ಕೊರಡಿನಂತಾಗುವವರೆಗೆ ಒಣಗಿಸಿದ್ದು.

ಹಾಗಾದರೆ ಯಾವುದಕ್ಕೆ ಹೋಗಬೇಕು? ಒಂದೇ ವಾರ, ಒಂದೇ ದೇಶ ಎನ್ನುವವರಿಗೆ ನನ್ನ ಉತ್ತರ ಶ್ರೀಲಂಕೆ, ಅದರಲ್ಲಿ ಅನುಮಾನವಿಲ್ಲ. ಕೊಟ್ಟ ಹಣಕ್ಕೆ ಅಲ್ಲಿ ಸಿಗುವಷ್ಟು ನೆಲ, ಕಾಲ ಮತ್ತು ಊಟ ಮಾಲ್ಡೀವ್ಸ್‌ನಲ್ಲಿ ಸಿಗುವುದಿಲ್ಲ. ಮಾಲ್ಡೀವ್ಸ್‌ನ ನನ್ನ ಆರು ದಿನಗಳ ಖರ್ಚು ಶ್ರೀಲಂಕೆಯ ಎಂಟು ದಿನಗಳದ್ದನ್ನು ಮೀರಿತು. ಮಾಲ್ಡೀವ್ಸ್‌ನಲ್ಲಿ ರೆಸಾರ್ಟಿನಲ್ಲೇ ಉಳಿದು ಬರುವವರು ಕಾಣುವುದು ಕಡಲನ್ನು ಮಾತ್ರ, ಅದು ಮನಮೋಹಕವೇ ಆದರೂ ದೇಶವಲ್ಲ. ಎರಡೂ ಸಾಧ್ಯವಿರುವವರು ಶ್ರೀಲಂಕೆಯನ್ನು ಮೊದಲು ಇಟ್ಟುಕೊಳ್ಳಲಿ, ಮಾಲ್ಡೀವ್ಸ್‌ಗೆ ಶುಕ್ರವಾರ ಬಿಟ್ಟು ಬೇರೆ ದಿನ ಇಳಿಯಲಿ, ಮಾಲೆ ಊರಿಗೇ ಕನಿಷ್ಠ ಒಂದು ಪೂರ್ತಿ ದಿನ ಕೊಡಲಿ.

ಮಾಲೆಯ ಮಾರುಕಟ್ಟೆಯಲ್ಲಿ ಕೊಂಡ ಹಿಕಿಮಸ್ಸಿನ ತುಂಡೊಂದು ಮನೆಗೆ ಬಂದಮೇಲೆ ಒಳಕಲ್ಲಿಗೂ ಜಗ್ಗದಷ್ಟು ಗಟ್ಟಿಯಾಗಿತ್ತು. ಕತ್ತಿಯಲ್ಲಿ ಕೆತ್ತಿ, ಕುಟ್ಟಿ, ಕಾಯಿತುರಿಗೆ ಒಂದು ಚಮಚ ಹಾಕಿ ಕಲಸಿದರೆ ಕ್ಯಾಂಡಿಯ ರುಚಿ ಬಂತು. ಹೆಂಡತಿ ಬಟ್ಟಲಿಗೆ ಇನ್ನೂ ಎರಡು ಹಿಡಿ ಸುರಿದು ನಿಂಬೆ ಹಿಂಡಿದ ಮೇಲೆ ಅದು ಮಾಫುಶಿಯದಾಯಿತು.