ಕಾರ್ಬನ್ ಹೈಬ್ರಿಡ್ ಸೈಕಲ್: ಮೈಸೂರಿನ ರಸ್ತೆಗಳಲ್ಲಿ ಬಳಸಿ, ಬಿಡಿಭಾಗ ಬದಲಿಸಿ ನೋಡಿದ ಮೇಲೆ

ನೇರವಾದ ಹ್ಯಾಂಡಲ್, ರೋಡ್ ಬೈಕಿನಷ್ಟೇ (ಬಾಗಿದ ಹ್ಯಾಂಡಲಿನ ರೇಸ್ ಸೈಕಲ್) ದೊಡ್ಡದಾದ 700ಸಿ ಚಕ್ರ, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಇವುಗಳ ಜೊತೆಗೆ ಕಾರ್ಬನ್ ಫೈಬರಿನ ಫ್ರೇಮ್ ಮತ್ತು ಫೋರ್ಕ್ (ಮುಂದಿನ ಚಕ್ರವನ್ನು ಹಿಡಿಯುವ ಕವಲು) ಇರುವ ಸೈಕಲ್ಲನ್ನು ಅಂಗಡಿಗಳಲ್ಲಿ ಕಾರ್ಬನ್ ಹೈಬ್ರಿಡ್ ಅಥವಾ ಫಿಟ್‌ನೆಸ್ ಬೈಕ್ ಎನ್ನುತ್ತಾರೆ. ಟ್ರೆಕ್‌ನ ಎಫ್‌ಎಕ್ಸ್, ಸ್ಪೆಷಲೈಸ್ಡ್‌ನ ಸಿರಸ್, ಜೈಂಟ್‌ನ ಫಾಸ್ಟ್‌ರೋಡ್, ಕ್ಯಾನನ್‌ಡೇಲ್‌ನ ಕ್ವಿಕ್ ಸರಣಿಗಳಲ್ಲಿ ಇಂತಹ ಮಾದರಿಗಳು ಬಂದಿವೆ. ನನ್ನದೂ ಇದೇ ವರ್ಗದ ಸೈಕಲ್. ಈ ವಿಮರ್ಶೆ ಒಂದು ಕಂಪನಿಯ ಗುಣದೋಷಗಳಿಗಿಂತ ಈ ವರ್ಗದ ಸೈಕಲ್ ಮೈಸೂರಿನಲ್ಲಿ ಇರುವವರಿಗೆ ಎಷ್ಟು ಒದಗುತ್ತದೆ, ಕೊಂಡ ಮೇಲೆ ಯಾವುದನ್ನು ಬದಲಿಸಬೇಕು, ಯಾವುದನ್ನು ಇದ್ದ ಹಾಗೆಯೇ ಬಿಡಬೇಕು ಎಂಬುದನ್ನು ಕುರಿತದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಫ್ರೇಮ್ ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಕಂಪನಿಯಿಂದ ಅದರ ಜೊತೆ ಬರುವ ಟೈರು, ಗೇರಿನ ಅಳತೆ ಮತ್ತು ಕೈಹಿಡಿ ಆ ಫ್ರೇಮಿಗೆ ತಕ್ಕವಲ್ಲ; ಮುಂದಿನ ಖರ್ಚೆಲ್ಲ ಈ ಮೂರಕ್ಕೆ ಮೀಸಲಾಗಬೇಕು.

ಕಾರ್ಬನ್ ಎಂದರೆ ಹಗುರ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಅಲ್ಯೂಮಿನಿಯಂ ಹೈಬ್ರಿಡ್ ಸಾಮಾನ್ಯವಾಗಿ 11ರಿಂದ 13 ಕಿಲೊ ತೂಗಿದರೆ, ಕಾರ್ಬನ್ ಮಾದರಿ 9ರಿಂದ 10 ಕಿಲೊ ಆಸುಪಾಸಿನಲ್ಲಿರುತ್ತದೆ. ಆದರೆ ಈ ಹಗುರತನ ಚಾಮುಂಡಿ ಬೆಟ್ಟದ ಮೇಲೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಬೆಟ್ಟ ಊರಿನ ಮಟ್ಟಕ್ಕಿಂತ ಸುಮಾರು 300 ಮೀಟರ್ ಎತ್ತರವಿದೆ. ಸವಾರ 75 ಕಿಲೊ, ಸೈಕಲ್ 10 ಕಿಲೊ ಎಂದಿಟ್ಟುಕೊಂಡರೆ ಮೇಲಕ್ಕೆ ಹೊರಬೇಕಾದ ಒಟ್ಟು ಭಾರ 85 ಕಿಲೊ. ಅದರಲ್ಲಿ ಒಂದು ಕಿಲೊ ಇಳಿಸಿದರೆ ಉಳಿತಾಯವಾಗುವ ಶ್ರಮ ಶೇ 1.2 ಮಾತ್ರ. 25 ನಿಮಿಷದಲ್ಲಿ ಏರುವವರಿಗೆ ಇದು ಹೆಚ್ಚೆಂದರೆ 18 ಸೆಕೆಂಡಿನ ಲಾಭ. ಹಾಗಾಗಿ ಇನ್ನೂರು ಗ್ರಾಂ ಉಳಿಸುವ ಕಾರ್ಬನ್ ಸೀಟ್‌ಪೋಸ್ಟಿಗೋ (ಸೀಟನ್ನು ಹೊರುವ ಕೊಳವೆ) ಟೈಟೇನಿಯಂ ಬೋಲ್ಟಿಗೋ ಸಾವಿರಾರು ರೂಪಾಯಿ ಸುರಿಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾರ್ಬನ್ ಫ್ರೇಮಿನ ನಿಜವಾದ ಗುಣ ಬೇರೆ. ಪೆಡಲ್ ಒತ್ತಿದ ಬಲ ಕೆಳಗಿನ ಕ್ರ್ಯಾಂಕ್ ಭಾಗದಲ್ಲಿ ಬಾಗಿ ಪೋಲಾಗದಂತೆ ಅಲ್ಲಿ ಫೈಬರನ್ನು ಬಿಗಿಯಾಗಿ ಜೋಡಿಸಿ, ಸೀಟಿನ ಕಡೆಯ ಕೊಳವೆಗಳಲ್ಲಿ ಸ್ವಲ್ಪ ಬಳುಕುವಂತೆ ಜೋಡಿಸಲು ಈ ವಸ್ತುವಿನಲ್ಲಿ ಸಾಧ್ಯವಿದೆ. ಸಿಗ್ನಲ್ ಬಿಟ್ಟ ಕೂಡಲೇ ಸೈಕಲ್ ಮುಂದಕ್ಕೆ ಚಿಮ್ಮುವುದು, ಒರಟು ಡಾಂಬರಿನ ಸಣ್ಣ ನಡುಕ ಬೆನ್ನಿಗೆ ಅಷ್ಟಾಗಿ ತಟ್ಟದಿರುವುದು ಈ ಜೋಡಣೆಯಿಂದಲೇ.

ಲಲಿತಮಹಲ್ ರಸ್ತೆಯಂತಹ ನುಣುಪಾದ ರಸ್ತೆಯಲ್ಲಿ ಈ ಸೈಕಲ್ ತುಳಿಯುವುದು ನಿಜಕ್ಕೂ ಸುಖ. ಸುಮಾರು 42 ಕಿಲೊಮೀಟರ್ ಉದ್ದದ ಹೊರವರ್ತುಲ ರಸ್ತೆಯಲ್ಲಿ ಬಯಲು ಗಾಳಿ ಎದುರಾದಾಗ ಮಾತ್ರ ನೇರ ಹ್ಯಾಂಡಲಿನ ಮಿತಿ ಗೊತ್ತಾಗುತ್ತದೆ. ಗಂಟೆಗೆ 25 ಕಿಲೊಮೀಟರ್ ದಾಟಿದ ಮೇಲೆ ಶ್ರಮದ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ, ಎದೆ ಎತ್ತಿ ಕುಳಿತವರಿಗೆ ಅದು ಇನ್ನೂ ಹೆಚ್ಚು. ಶ್ರೀರಂಗಪಟ್ಟಣ, ಮಂಡ್ಯದ ಕಡೆಗೆ ಹೋಗುವವರು 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಇಳಿಯುವಂತಿಲ್ಲ, ಸರ್ವೀಸ್ ರಸ್ತೆಯೇ ಗತಿ. ಹಂಪು, ಕಿತ್ತುಹೋದ ಅಂಚು, ಎದುರು ದಿಕ್ಕಿನಿಂದ ಬರುವ ಬೈಕುಗಳು, ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ಜಲ್ಲೆ, ಇವುಗಳ ನಡುವೆ ತಲೆ ಎತ್ತಿ ಕೂರುವ ಭಂಗಿ ಮತ್ತು ಬೆರಳ ತುದಿಯಲ್ಲೇ ಇರುವ ಬ್ರೇಕು ಎಷ್ಟು ಮುಖ್ಯ ಎಂಬುದು ಅಲ್ಲಿ ತುಳಿದವರಿಗೆ ಗೊತ್ತು. ನಮ್ಮ ಭಾಗಕ್ಕೆ ರೋಡ್ ಬೈಕಿಗಿಂತ ಹೈಬ್ರಿಡ್ ಒಳ್ಳೆಯದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮೊದಲು ಬದಲಿಸಬೇಕಾದದ್ದು ಟೈರು. ಲಕ್ಷ ದಾಟಿದ ಸೈಕಲ್ಲಿಗೂ ಅನೇಕ ಸಲ ತಂತಿ ಅಂಚಿನ, ದಪ್ಪ ರಬ್ಬರಿನ, ತೂಕದ ಟೈರನ್ನೇ ಹಾಕಿ ಕೊಡುತ್ತಾರೆ. ಕಾರ್ಬನ್ ಫ್ರೇಮ್ ಮಾಡಬೇಕಾದ ಕೆಲಸವನ್ನು ಈ ಟೈರು ಕೆಡಿಸುತ್ತದೆ. ರಸ್ತೆಯ ಏರಿಳಿತವನ್ನು ಮೊದಲು ನುಂಗುವುದು ಟೈರಿನೊಳಗಿನ ಗಾಳಿಯೇ ಹೊರತು ಫ್ರೇಮ್ ಅಲ್ಲ. ಟೈರಿನ ಗೋಡೆ ಗಡುಸಾಗಿದ್ದರೆ ಅದು ಸುಲಭವಾಗಿ ಮಣಿಯುವುದಿಲ್ಲ, ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುವಾಗ ನಮ್ಮ ಶಕ್ತಿಯನ್ನೂ ತಿನ್ನುತ್ತದೆ. ನಾನು 32 ಮಿ.ಮೀ. ಅಗಲದ, ಮಡಚಿಡಬಹುದಾದ ತೆಳುಗೋಡೆಯ ಟೈರಿಗೆ ಬದಲಾಯಿಸಿದೆ. ಒಂದೊಂದು ಚಕ್ರದಲ್ಲೂ ಇನ್ನೂರು ಗ್ರಾಂ ಹತ್ತಿರ ಇಳಿಯಿತು ಎನ್ನುವುದಕ್ಕಿಂತ, ಮೊದಲು ಕೈಗೆ ಬಡಿಯುತ್ತಿದ್ದ ಒರಟು ರಸ್ತೆ ಈಗ ಬರೀ ಸದ್ದಾಗಿ ಕೇಳಿಸುತ್ತದೆ ಎನ್ನುವುದು ನನಗೆ ದೊಡ್ಡದು. ಗಾಳಿಯನ್ನು ಕಲ್ಲಿನ ಹಾಗೆ ತುಂಬಿಸುವ ಅಭ್ಯಾಸವನ್ನೂ ಬಿಡಬೇಕು: 75 ಕಿಲೊ ತೂಕದವರಿಗೆ ಈ ಅಗಲದ ಟೈರಿನಲ್ಲಿ 55ರಿಂದ 60 ಪಿಎಸ್‌ಐ ಒತ್ತಡ ಸಾಕು, ಮುಂದಿನ ಚಕ್ರಕ್ಕೆ ಇನ್ನೂ ಒಂದೆರಡು ಕಡಿಮೆ ಇರಲಿ.

ಟ್ಯೂಬ್‌ಲೆಸ್ ಮಾಡಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಎಲ್ಲಿ ತುಳಿಯುತ್ತೀರಿ ಎಂಬುದರ ಮೇಲಿದೆ. ನಾಲೆ ಏರಿಯ ಮೇಲೆ, ಹೊಲದ ಬದಿಯ ಹಳ್ಳಿ ರಸ್ತೆಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳು ತಪ್ಪಿದ್ದಲ್ಲ. ಅಂತಹ ಸಣ್ಣ ತೂತನ್ನು ಒಳಗಿನ ಸೀಲೆಂಟ್ ದ್ರವ ತಾನೇ ಮುಚ್ಚುತ್ತದೆ. ಆದರೆ ಬಿಸಿಲಿಗೆ ಆ ದ್ರವ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಮರುಪೂರಣ ಮಾಡಲೇಬೇಕು. ಊರೊಳಗೇ ಓಡಾಡುವವರಿಗೆ ಒಳ್ಳೆಯ ಟ್ಯೂಬೇ ಸಾಕು. ಎರಡರಲ್ಲಿ ಯಾವುದಿದ್ದರೂ ಒಂದು ಸಂಗತಿ ಮರೆಯಬಾರದು: ಈ ಸೈಕಲ್ಲುಗಳ ಪ್ರೆಸ್ಟಾ ವಾಲ್ವ್ ತೆಳ್ಳಗಿರುತ್ತದೆ, ತುದಿಯಲ್ಲಿ ಸಣ್ಣ ತಿರುಪು ಇರುತ್ತದೆ, ಪೆಟ್ರೋಲ್ ಬಂಕಿನ ಅಥವಾ ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಕೊಳವೆ ಅದಕ್ಕೆ ಕೂರುವುದಿಲ್ಲ. ಉಗುರಿನಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಂಡರೆ ಎಲ್ಲಿ ಬೇಕಾದರೂ ಗಾಳಿ ಸಿಗುತ್ತದೆ.

ಎರಡನೆಯದು ಗೇರು. ನನ್ನ ಸೈಕಲ್ಲಿನಲ್ಲಿ ಮುಂದೆ ಪೆಡಲಿನ ಬಳಿ 40 ಹಲ್ಲಿನ ಒಂದೇ ಚೈನ್‌ರಿಂಗ್, ಹಿಂದೆ 11ರಿಂದ 34 ಹಲ್ಲಿನ, 11 ಗೇರಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಜೋಡಣೆ) ಇತ್ತು. ಸಮತಟ್ಟಾದ ಊರಿಗೆ ಇದರಲ್ಲಿ ಕೊರತೆ ಏನಿಲ್ಲ. ಬೆಟ್ಟದ ಕಡಿದಾದ ತಿರುವುಗಳಲ್ಲಿ ಮಾತ್ರ ಅತಿ ಹಗುರ ಗೇರಿನಲ್ಲೂ ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಗಂಟೆಗೆ 9 ಕಿಲೊಮೀಟರ್ ವೇಗ ಉಳಿಸಿಕೊಳ್ಳಬೇಕಾಗುತ್ತದೆ. ಅಷ್ಟು ಬಲವಿಲ್ಲದಾಗ ತುಳಿತ ನಿಧಾನವಾಗಿ, ಇಡೀ ಭಾರ ಮಂಡಿಯ ಮೇಲೆ ಬೀಳುತ್ತದೆ. ಹಿಂದೆ 11–42ರ ಕ್ಯಾಸೆಟ್ ಹಾಕಿದರೆ ಅದೇ 60 ಸುತ್ತಿಗೆ ವೇಗ ಏಳೂವರೆ ಕಿಲೊಮೀಟರ್‌ಗಿಂತ ಕೆಳಗಿಳಿಯುತ್ತದೆ, ಉಸಿರಿಗೂ ಮಂಡಿಗೂ ಬಿಡುವು ಸಿಗುತ್ತದೆ. ಎತ್ತರದ ಗೇರಿನಲ್ಲಿ ನಷ್ಟವೇನೂ ಇಲ್ಲ. 40ಕ್ಕೆ 11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 42 ಕಿಲೊಮೀಟರ್ ಆಗುತ್ತದೆ, ವ್ಯಾಯಾಮಕ್ಕೆ ತುಳಿಯುವವರಿಗೆ ಅದಕ್ಕಿಂತ ಹೆಚ್ಚಿನದರ ಅಗತ್ಯವಿಲ್ಲ.

ಈ ಬದಲಾವಣೆಗೆ ಕ್ಯಾಸೆಟ್ ಒಂದೇ ಸಾಲದು. 34 ಹಲ್ಲಿಗೆಂದು ಮಾಡಿದ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) 42 ಹಲ್ಲಿಗೆ ಎಟಕುವುದಿಲ್ಲ, ಚೈನನ್ನೂ ಉದ್ದದ್ದು ಹಾಕಬೇಕು. ಇಲ್ಲಿಯೇ ಅನೇಕರು ದುಡ್ಡು ದಂಡ ಮಾಡಿಕೊಳ್ಳುವುದು. ಶಿಮಾನೊದ ಮೌಂಟನ್ ಬೈಕ್ ಡಿರೈಲರ್‌ಗೂ ರೋಡ್ ಬೈಕಿನ ಶಿಫ್ಟರ್‌ಗೂ (ಹ್ಯಾಂಡಲಿನಲ್ಲಿರುವ ಗೇರ್ ಗುಂಡಿ) ಹೊಂದಾಣಿಕೆ ಇಲ್ಲ. ಎರಡರಲ್ಲೂ 11 ಗೇರು ಎಂದು ಬರೆದಿದ್ದರೂ ಒಂದು ಗೇರಿಗೆ ಎಳೆಯುವ ಕೇಬಲಿನ ಅಳತೆ ಬೇರೆ ಬೇರೆ, ಜೋಡಿಸಿದರೆ ಚೈನು ಒಂದು ಹಲ್ಲಿನ ಮೇಲೂ ಸರಿಯಾಗಿ ನಿಲ್ಲುವುದಿಲ್ಲ. 2019ರಲ್ಲಿ ಶಿಮಾನೊ ತಂದ ಜಿಆರ್‌ಎಕ್ಸ್ ಸರಣಿಯ ಆರ್‌ಎಕ್ಸ್812 ಡಿರೈಲರ್ ರೋಡ್ ಶಿಫ್ಟರಿನ ಅಳತೆಗೇ ಕೆಲಸ ಮಾಡುತ್ತದೆ, 42 ಹಲ್ಲಿನವರೆಗೂ ಏರುತ್ತದೆ. ನನ್ನ ಸೈಕಲ್ಲಿನ ಶಿಫ್ಟರ್ ರೋಡ್ ಅಳತೆಯದೇ ಆದ್ದರಿಂದ ನಾನು ಹಾಕಿಸಿದ್ದು ಅದನ್ನೇ. ಇಷ್ಟು ಖರ್ಚು ಬೇಡ ಎನ್ನುವವರು ಮುಂದಿನ ಚೈನ್‌ರಿಂಗನ್ನು ಮಾತ್ರ 36 ಹಲ್ಲಿನದಕ್ಕೆ ಇಳಿಸಬಹುದು. ಆಗ ಬೆಟ್ಟದಲ್ಲಿ 60 ಸುತ್ತಿಗೆ ವೇಗ ಗಂಟೆಗೆ 8 ಕಿಲೊಮೀಟರ್ ಚಿಲ್ಲರೆಗೆ ಇಳಿಯುತ್ತದೆ, ಮೇಲಿನ ವೇಗ 38ಕ್ಕೆ ನಿಲ್ಲುತ್ತದೆ. ಕಡಿಮೆ ಹಣಕ್ಕೆ ಇದೇ ಜಾಣತನದ ದಾರಿ.

ಕಂಪನಿಯಿಂದ ಬಂದ ಚಕ್ರಗಳು ಭಾರವಾಗಿದ್ದರೂ ಗಟ್ಟಿ. ಕಾರ್ಬನ್ ರಿಮ್ಮಿಗೆ ಆತುರವಿಲ್ಲ. ಬ್ರೇಕಿನ ವಿಷಯದಲ್ಲಿ ನನಗೆ ದೂರಿಲ್ಲ, ಬೆಟ್ಟ ಇಳಿಯುವಾಗ ಎರಡು ಬೆರಳು ಸಾಕು. ಪ್ಯಾಡ್ ಬದಲಿಸುವಾಗ ಮಾತ್ರ ಡಿಸ್ಕನ್ನು ಓದಿ ನೋಡಬೇಕು. ರೆಸಿನ್ ಪ್ಯಾಡ್ ಮಾತ್ರ ಎಂದು ಅದರ ಮೇಲೆ ಕೊರೆದಿದ್ದರೆ ಲೋಹದ ಪ್ಯಾಡ್ ಹಾಕಿಸಬಾರದು, ಡಿಸ್ಕ್ ಬೇಗ ಸವೆದುಹೋಗುತ್ತದೆ.

ಮೂರನೆಯದು ಕೈಹಿಡಿ. ನೇರ ಹ್ಯಾಂಡಲಿನಲ್ಲಿ ಕೈ ಇಡಲು ಇರುವುದು ಒಂದೇ ಜಾಗ. ನಂಜನಗೂಡಿಗೆ ಹೋಗಿ ಬರುವಷ್ಟರಲ್ಲಿ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರ ಒತ್ತಿಹೋಗುವುದೇ ಇದಕ್ಕೆ ಕಾರಣ. ದುಂಡನೆಯ ಗ್ರಿಪ್ ತೆಗೆದು, ಅಂಗೈಗೆ ಅಗಲವಾದ ಆಸರೆ ಕೊಡುವ, ತುದಿಯಲ್ಲಿ ಗಿಡ್ಡ ಕೊಂಬು ಇರುವ ಗ್ರಿಪ್ ಹಾಕಿಸಿದರೆ ಅರ್ಧ ತೊಂದರೆ ಹೋಗುತ್ತದೆ. ಹ್ಯಾಂಡಲಿನ ಅಗಲವನ್ನು ಭುಜಕ್ಕೆ ತಕ್ಕಂತೆ ಎರಡೂ ಬದಿ ಸಮನಾಗಿ ಕತ್ತರಿಸಿದರೆ ಮಣಿಕಟ್ಟು ನೆಟ್ಟಗೆ ಬಂದು ಉಳಿದ ತೊಂದರೆಯೂ ಬಹುಪಾಲು ಕಡಿಮೆಯಾಗುತ್ತದೆ, ಗಾಳಿಗೆ ಒಡ್ಡುವ ಮೈಯೂ ಕಿರಿದಾಗುತ್ತದೆ. ಒಂದೇ ಸಲಕ್ಕೆ ಹೆಚ್ಚು ಕತ್ತರಿಸದೆ, ಗ್ರಿಪ್ ಮತ್ತು ಬ್ರೇಕಿನ ಹಿಡಿಯನ್ನು ಮೊದಲು ಒಳಕ್ಕೆ ಸರಿಸಿ ಕೆಲವು ದಿನ ತುಳಿದು ನೋಡುವುದು ಕ್ಷೇಮ.

ಇದರ ಬದಲು ರೋಡ್ ಬೈಕಿನ ಬಾಗಿದ ಹ್ಯಾಂಡಲನ್ನೇ ಹಾಕಿಸಿಬಿಡೋಣ ಎಂಬ ಆಸೆ ಈ ಸೈಕಲ್ ಕೊಂಡ ಹೆಚ್ಚಿನವರಿಗೆ ಬರುತ್ತದೆ. ದಯವಿಟ್ಟು ಬೇಡ. ನೇರ ಹ್ಯಾಂಡಲಿನ ಕೈಹಿಡಿ ಭಾಗ 22.2 ಮಿ.ಮೀ. ದಪ್ಪ, ಬಾಗಿದ ಹ್ಯಾಂಡಲಿನಲ್ಲಿ ಲಿವರ್ ಕೂರುವ ಭಾಗ 23.8 ಮಿ.ಮೀ.; ಹಳೆಯ ಶಿಫ್ಟರ್, ಬ್ರೇಕ್ ಲಿವರ್ ಯಾವುದೂ ಅಲ್ಲಿಗೆ ಹೊಂದುವುದಿಲ್ಲ, ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು. ಅದಕ್ಕಿಂತ ದೊಡ್ಡ ಅಡ್ಡಿ ಫ್ರೇಮಿನ ಉದ್ದ. ನೇರ ಹ್ಯಾಂಡಲಿಗೆಂದೇ ಈ ಫ್ರೇಮನ್ನು ಮುಂದಕ್ಕೆ ಉದ್ದವಾಗಿ ಮಾಡಿರುತ್ತಾರೆ. ಬಾಗಿದ ಹ್ಯಾಂಡಲ್ ಕೈಯನ್ನು ಮತ್ತಷ್ಟು ಮುಂದಕ್ಕೆ ಒಯ್ದಾಗ ಸೊಂಟ, ಕತ್ತು ಎರಡೂ ಸೋಲುತ್ತವೆ. ಆ ಹಣಕ್ಕೆ ಈ ಸೈಕಲ್ ಮಾರಿ ಬೇರೆ ರೋಡ್ ಬೈಕ್ ಕೊಳ್ಳುವುದೇ ಲೇಸು.

ಕಾರ್ಬನ್ ಸೈಕಲ್ಲಿನ ಆರೈಕೆಯಲ್ಲಿ ನಮ್ಮ ಊರಿನ ಕೆಲವು ರೂಢಿಗಳು ತೊಂದರೆ ಕೊಡುತ್ತವೆ. ಸೈಡ್ ಸ್ಟ್ಯಾಂಡ್ ಹಾಕಿಸದೆ ಇರುವುದು ನಮ್ಮವರಿಗೆ ಕಷ್ಟ, ಆದರೆ ಹಿಂದಿನ ಕೊಳವೆಯನ್ನು ಲೋಹದ ಪಟ್ಟಿಯಿಂದ ಅಮುಕಿ ಹಿಡಿಯುವ ಸ್ಟ್ಯಾಂಡ್ ಕಾರ್ಬನ್ ಪದರವನ್ನು ನಜ್ಜುಗುಜ್ಜು ಮಾಡುತ್ತದೆ. ಕಂಪನಿಯೇ ಜಾಗ ಕೊಟ್ಟಿದ್ದರೆ ಮಾತ್ರ ಹಾಕಿಸಬೇಕು. ಒಂದು ಅಂಗಡಿಯಲ್ಲಿ ನನ್ನ ಸೀಟ್‌ಪೋಸ್ಟಿನ ಬೋಲ್ಟನ್ನು ಟಾರ್ಕ್ ವ್ರೆಂಚ್ (ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್) ಇಲ್ಲದೆ ಕೈಬಲದಲ್ಲೇ ಬಿಗಿಯಲು ಹೊರಟಾಗ ನಾನು ತಡೆಯಬೇಕಾಯಿತು. ಆ ಬೋಲ್ಟಿನ ಪಕ್ಕದಲ್ಲೇ 5 ನ್ಯೂಟನ್ ಮೀಟರ್ ಎಂದು ಅಚ್ಚಾಗಿತ್ತು, ಅದನ್ನು ಯಾರೂ ನೋಡಿರಲಿಲ್ಲ. ಸೀಟ್‌ಪೋಸ್ಟ್ ಜಾರುತ್ತಿದ್ದರೆ ಇನ್ನಷ್ಟು ಬಿಗಿಯುವುದು ಪರಿಹಾರವಲ್ಲ. ಸಣ್ಣ ಮರಳಿನಂತಹ ಕಣಗಳಿರುವ ಕಾರ್ಬನ್ ಪೇಸ್ಟ್ ಹಚ್ಚಿದರೆ ಕಡಿಮೆ ಬಿಗಿತದಲ್ಲೇ ಅದು ನಿಲ್ಲುತ್ತದೆ. ಟಾರ್ಕ್ ವ್ರೆಂಚ್ ಇದೆಯೇ ಎಂದು ಕೇಳಿದ ಮೇಲೆಯೇ ಸೈಕಲ್ಲನ್ನು ಸರ್ವೀಸಿಗೆ ಬಿಡುವುದು ಒಳ್ಳೆಯದು. ಹಾಗೆಯೇ ಆಯುಧಪೂಜೆಗೆ ಮುಂಚೆ ಬೈಕು, ಕಾರುಗಳ ಜೊತೆ ಸೈಕಲ್ಲನ್ನೂ ವಾಟರ್ ಸರ್ವೀಸಿಗೆ ನಿಲ್ಲಿಸುವುದು ಸಲ್ಲದು. ರಭಸದ ನೀರು ಹಬ್ ಮತ್ತು ಕ್ರ್ಯಾಂಕಿನ ಬೇರಿಂಗಿನೊಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಒಂದು ಬಕೆಟ್ ನೀರು, ಮೆತ್ತನೆಯ ಬಟ್ಟೆ ಸಾಕು. ಒರೆಸುವಾಗ ಫ್ರೇಮನ್ನು ಕಣ್ಣಿಟ್ಟು ನೋಡಬೇಕು: ಬಿದ್ದ ಪೆಟ್ಟಿನ ಜಾಗದಲ್ಲಿ ನಾಣ್ಯದಿಂದ ಮೆಲ್ಲಗೆ ತಟ್ಟಿದಾಗ ಸದ್ದು ಸುತ್ತಲಿನ ಭಾಗಕ್ಕಿಂತ ಮಂಕಾಗಿ ಬಂದರೆ ಒಳಪದರ ಬಿಟ್ಟಿರುವ ಸಂಭವವಿದೆ, ಪರಿಣತರಿಗೆ ತೋರಿಸದೆ ತುಳಿಯಬಾರದು.

ಬೆಲೆಯ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದು ಈ ದರ್ಜೆಯ ಸೈಕಲ್ ಕೊಳ್ಳುವವರಿಗೆ ಸಣ್ಣ ಸಹಾಯವಲ್ಲ. ಆದರೂ ವಾರಕ್ಕೊಮ್ಮೆ ಕಾರಂಜಿ ಕೆರೆಯ ಕಡೆ ಒಂದು ಸುತ್ತು ಹೋಗಿ ಬರುವವರು, ಕ್ಯಾರಿಯರ್ ಹಾಕಿ ತರಕಾರಿ ತರಬೇಕೆನ್ನುವವರು ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್ ಇರುವ ಮಾದರಿ ಕೊಂಡು ಉಳಿದ ಹಣವನ್ನು ಒಳ್ಳೆಯ ಟೈರಿಗೆ ಹಾಕಲಿ. ಅನೇಕ ಕಾರ್ಬನ್ ಫ್ರೇಮುಗಳಲ್ಲಿ ಕ್ಯಾರಿಯರ್ ಕೂರಿಸುವ ತೂತೇ ಇರುವುದಿಲ್ಲ. ದಿನವೂ ತುಳಿಯುವವರು, ಭಾನುವಾರಗಳಂದು ಬೆಟ್ಟ ಹತ್ತಿ ಶ್ರೀರಂಗಪಟ್ಟಣದವರೆಗೂ ಹೋಗಿಬರುವ ಉತ್ಸಾಹ ಇರುವವರು ಕಾರ್ಬನ್ ಮಾದರಿಯನ್ನು ಧೈರ್ಯವಾಗಿ ಕೊಳ್ಳಬಹುದು. ಕೊಳ್ಳುವ ಮೊದಲು ತಮ್ಮ ಎತ್ತರಕ್ಕೆ ಹೊಂದುವ ಎರಡು ಅಳತೆಗಳನ್ನೂ ಏರಿ ನೋಡಬೇಕು, ಟೈರು ಮತ್ತು ಚೈನ್‌ರಿಂಗನ್ನು ಅಂಗಡಿಯಲ್ಲೇ ಬದಲಿಸಿಕೊಟ್ಟರೆ ಎಷ್ಟು ಕಡಿಮೆ ಮಾಡಿಕೊಡುತ್ತೀರಿ ಎಂದು ಬಿಲ್ ಬರೆಸುವ ಮುಂಚೆಯೇ ಕೇಳಬೇಕು.