ಶಾಸನದ ಪಾಠಕ್ಕೆ ಪುಸ್ತಕವೋ, ಕಲ್ಲೋ?

ಹಾಸನದ ಕಡೆ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವರಿಗೆ ಎರಡು ದಾರಿ ಇವೆ. ಎಪಿಗ್ರಾಫಿಯಾ ಕರ್ನಾಟಿಕಾ, ಅಂದರೆ ನಮ್ಮ ಕಡೆಯ ಶಾಸನಗಳನ್ನು ಜಿಲ್ಲಾವಾರು ಅಚ್ಚು ಹಾಕಿದ ಪುಸ್ತಕಮಾಲೆಯ ಸಂಪುಟ ತೆಗೆದು ತರಗತಿಯಲ್ಲೇ ಶಾಸನ ಓದಿಸಬಹುದು, ಇಲ್ಲಾ ಮಕ್ಕಳನ್ನು ಕಲ್ಲಿನ ಮುಂದೆಯೇ ನಿಲ್ಲಿಸಬಹುದು.

ಪುಸ್ತಕಕ್ಕೆ ಖರ್ಚಿಲ್ಲ. ಶಾಸನಗಳನ್ನು ಸಂಗ್ರಹಿಸಿದ ವಿದ್ವಾಂಸ ಬಿ.ಎಲ್. ರೈಸ್ 1902ರಲ್ಲಿ ತಂದ ಹಾಸನ ಜಿಲ್ಲೆಯ ಸಂಪುಟ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಶಾಸನಗಳನ್ನು ತಾಲೂಕುವಾರು ಜೋಡಿಸಿದ್ದಾರೆ, ಹಾಗಾಗಿ ಮಗು ತನ್ನೂರಿನ ಹೆಸರನ್ನೇ ಹುಡುಕಬಹುದು. ಊರು ಸಿಕ್ಕಾಗ ಆ ಮುಖ ನೋಡಬೇಕು! ಚಿಕ್ಕಮಗಳೂರಿನವರು ಕಡೂರು ಜಿಲ್ಲೆಯ ಸಂಪುಟ ತೆಗೆಯಿರಿ, ಆಗ ಜಿಲ್ಲೆಗೆ ಅದೇ ಹೆಸರಿತ್ತು. ಕೊರತೆಯೂ ಇದೆ. 1936ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನ ರೈಸ್ ಸಂಪುಟದಲ್ಲಿ ಹೇಗೆ ತಾನೇ ಇರುತ್ತದೆ?

ಕಲ್ಲಿನ ದಾರಿಗೆ ಬಸ್ಸು ಬೇಕು, ಅನುಮತಿ ಬೇಕು, ಇಡೀ ಒಂದು ದಿನ ಬೇಕು. ಹಳೆಯ ಲಿಪಿ ಮಕ್ಕಳಿಗೆ ಓದಲು ಬರುವುದಿಲ್ಲ, ಸುಮ್ನೆ ಕರೆದುಕೊಂಡು ಹೋದರೆ ಬೇಸರವೇ ಜಾಸ್ತಿ. ಹಲ್ಮಿಡಿಯಲ್ಲಿ ಈಗ ಇರುವುದು ಪ್ರತಿಕೃತಿ, ಮೂಲ ಕಲ್ಲು ಮೈಸೂರಿನಲ್ಲಿದೆ.

ಒಂದೇ ಆರಿಸಿ ಅಂದರೆ ನಾನು ಪುಸ್ತಕವನ್ನೇ ಆರಿಸುತ್ತೇನೆ. ಬಸ್ಸಿಗೂ ದುಡ್ಡು ಹೊಂದಿತು ಅಂದರೆ, ಮೊದಲು ಹಲ್ಮಿಡಿಯ 16 ಸಾಲನ್ನು ಬೋರ್ಡಿನ ಮೇಲೆ ಬರೆದು ಓದಿಸಿ, ಆಮೇಲೆ ಊರಿಗೆ ಹೋಗಿ. ಅದರಲ್ಲಿ ಊರಿನ ಹೆಸರು 'ಪಲ್ಮಡಿ' ಎಂದಿದೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪಲ್ಮಡಿ ಹಲ್ಮಿಡಿಯಾಯಿತು ಅಲ್ವಾ ಎಂದು ಮಕ್ಕಳೇ ಹೇಳಲಿ.